ಕಸಿ ಅಂದರೆ ಏನು, ಏನಲ್ಲ: ಮೆಣಸಿನ ಬಳ್ಳಿಯಿಂದ ಬೇಲೂರಿನ ಗೋಪುರದವರೆಗೆ

ಮುಂಗಾರು ಹತ್ತಿರ ಬಂತೆಂದರೆ ಸಕಲೇಶಪುರ, ಮೂಡಿಗೆರೆ, ಬಾಳೆಹೊನ್ನೂರು ಕಡೆಯ ನರ್ಸರಿಗಳ ಮುಂದೆ ಪಿಕಪ್ ಗಾಡಿಗಳು ನಿಲ್ಲತೊಡಗುತ್ತವೆ. ಕಾಫಿಗೂ ಮೆಣಸಿಗೂ ಒಳ್ಳೆಯ ರೇಟು ಬಂದ ಮೇಲೆ ಗಿಡ ಕೇಳುವವರು ಇನ್ನೂ ಹೆಚ್ಚಿದ್ದಾರೆ. ಅದರಲ್ಲೂ "ಕಸಿ ಗಿಡ ಇದೆಯಾ?" ಎಂದು ಕೇಳುವವರೇ ಜಾಸ್ತಿ. ಕಸಿ ಗಿಡಕ್ಕೆ ಮಾಮೂಲಿ ಗಿಡಕ್ಕಿಂತ ದುಡ್ಡೂ ಹೆಚ್ಚು. ಅಷ್ಟು ಕೊಟ್ಟು ತರುವುದು ಏನನ್ನು, ಅದರಿಂದ ಆಗುವುದೇನು, ಆಗದ್ದೇನು ಎಂಬುದು ಮಾತ್ರ ಕೊಳ್ಳುವವರಲ್ಲಿ ಬಹಳ ಜನಕ್ಕೆ ಸ್ಪಷ್ಟವಿಲ್ಲ.

ಅತ್ತ ಪೇಪರು ತೆರೆದರೆ ಕಿಡ್ನಿ ಕಸಿ, ಲಿವರ್ ಕಸಿ. ಸಭೆಗೆ ಹೋದರೆ "ಹೊರಗಿನ ವಿಚಾರಗಳನ್ನು ನಮ್ಮ ನೆಲಕ್ಕೆ ಕಸಿ ಮಾಡಿದರು" ಎಂಬ ಭಾಷಣ. ತೋಟದಲ್ಲಿ, ಆಸ್ಪತ್ರೆಯಲ್ಲಿ, ವೇದಿಕೆಯಲ್ಲಿ ಒಂದೇ ಮಾತು ಓಡಾಡುತ್ತಿದೆ. ತೋಟದ ಕಸಿ ಸರಿಯಾಗಿ ಅರ್ಥವಾದರೆ ಉಳಿದೆರಡು ಸುಲಭ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಅದಕ್ಕೂ ಮುಂಚೆ ಮಲೆನಾಡಿನವರಿಗಾಗಿ ಒಂದು ಮಾತು. ನಮ್ಮ ತೋಟಗಳಲ್ಲಿ "ಮರಗಸಿ" ಎಂದರೆ ನೆರಳಿನ ಮರದ ಕೊಂಬೆ ಇಳಿಸುವುದು. "ಗಿಡ ಕಸಿ" ಎಂದರೆ ಕಾಫಿ ಗಿಡದ ಬೇಡದ ರೆಂಬೆ ತೆಗೆಯುವುದು. ಇಲ್ಲಿ ಹೇಳುತ್ತಿರುವುದು ಆ ಕಸಿಯಲ್ಲ, ಕಸಿ ಕಟ್ಟುವುದು.

## ಕೆಳಗೊಂದು ಗಿಡ, ಮೇಲೊಂದು ಗಿಡ

ಒಂದು ಗಿಡದ ಬೇರು ಚೆನ್ನಾಗಿದೆ, ಫಲ ಚೆನ್ನಾಗಿಲ್ಲ. ಇನ್ನೊಂದರ ಫಲ ಚೆನ್ನಾಗಿದೆ, ಬೇರಿಗೆ ತಾಳಿಕೆಯಿಲ್ಲ. ಮೊದಲನೆಯದರ ಬುಡ ಉಳಿಸಿಕೊಂಡು, ಎರಡನೆಯದರ ತುಂಡೊಂದನ್ನು ತಂದು ಅದರ ಮೇಲೆ ಕೂರಿಸಿ, ಎರಡೂ ಬೆಸೆದುಕೊಂಡು ಒಂದೇ ಗಿಡವಾಗಿ ಬೆಳೆಯುವಂತೆ ಮಾಡುವುದೇ ಕಸಿ. ಕೆಳಗಿನದು ಬೇರುಗಿಡ, ನರ್ಸರಿಯವರು ರೂಟ್‌ಸ್ಟಾಕ್ ಎನ್ನುತ್ತಾರೆ. ಮೇಲಿನ ತುಂಡು ಕಸಿಕಡ್ಡಿ. ಒಂದು ಕಡ್ಡಿಯ ಬದಲು ಒಂದೇ ಒಂದು ಮೊಗ್ಗನ್ನು ತೊಗಟೆ ಸಮೇತ ಎಬ್ಬಿಸಿ ತಂದು ಕೂರಿಸಿದರೆ ಅದು ಕಣ್ಣು ಕಸಿ. ಗುಲಾಬಿಯಲ್ಲೂ ಕಿತ್ತಳೆ ಜಾತಿಯಲ್ಲೂ ಇದೇ ರೂಢಿ. ಗೂಟಿ ಕಟ್ಟುವುದು ಮಾತ್ರ ಕಸಿಯಲ್ಲ. ಅಲ್ಲಿರುವುದು ಒಂದೇ ಗಿಡ, ಅದರ ಕೊಂಬೆಗೇ ಬೇರು ಬರಿಸುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು: ಕಸಿಯಾದ ಮೇಲೂ ಎರಡು ಗಿಡ ಎರಡಾಗಿಯೇ ಉಳಿಯುತ್ತವೆ. ಬೆಸುಗೆಯ ಕೆಳಗಿನ ಜೀವಕೋಶಗಳು ಕಡೆತನಕ ಬೇರುಗಿಡದವು, ಮೇಲಿನವು ಕಡೆತನಕ ಕಸಿಕಡ್ಡಿಯವು. ನೀರು, ಗೊಬ್ಬರದ ಸತ್ವ, ಎಲೆ ತಯಾರಿಸಿದ ಆಹಾರ ಅತ್ತಿಂದಿತ್ತ ಹರಿಯುತ್ತವೆ. ತಳಿಯ ಗುಣ ಹರಿಯುವುದಿಲ್ಲ. ಕಾಟು ಮಾವಿನ ಬುಡಕ್ಕೆ ಕಟ್ಟಿದ ಮಲ್ಲಿಕಾ ತಳಿಯ ಮಾವು ಮಲ್ಲಿಕಾ ಹಣ್ಣನ್ನೇ ಬಿಡುತ್ತದೆ. ಕಸಿಯ ಜಾಗಕ್ಕಿಂತ ಕೆಳಗೆ ಚಿಗುರು ಬಂದರೆ ಅದು ಮಾತ್ರ ಕಾಟು ಮಾವು. ಅದನ್ನು ಆಗಾಗ ಮುರಿಯದಿದ್ದರೆ ಕೆಲವೇ ವರ್ಷದಲ್ಲಿ ಕೆಳಗಿನದು ಎದ್ದು ಮೇಲಿನದು ಸೊರಗುತ್ತದೆ. "ಕಸಿ ಮಾವು ತಂದಿದ್ದೆ, ಹುಳಿ ಹಣ್ಣು ಬಿಡ್ತಿದೆ" ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ.

ಬೇರುಗಿಡಕ್ಕೆ ಪ್ರಭಾವವೇ ಇಲ್ಲ ಎಂದಲ್ಲ. ಗಿಡ ಎಷ್ಟು ಎತ್ತರ ಹೋಗಬೇಕು, ಎಷ್ಟು ಬೇಗ ಫಲಕ್ಕೆ ಬರಬೇಕು, ಮಣ್ಣಿನ ರೋಗಕ್ಕೆ ಎಷ್ಟು ತಡೆಯಬೇಕು ಎಂಬುದರಲ್ಲೆಲ್ಲ ಅದರ ಪಾಲಿದೆ. ಸೇಬಿನ ಕುಳ್ಳ ಮರಗಳನ್ನು ಮಾಡುವುದೇ ಹೀಗೆ, ಕುಳ್ಳಾಗಿಸುವ ಬೇರುಗಿಡ ಕೊಟ್ಟು.

## ಬೆಸುಗೆ ಬೀಳುವುದು ಎಲ್ಲಿ

ತೊಗಟೆಯ ಒಳಗೆ, ಗಟ್ಟಿ ಕಟ್ಟಿಗೆಯ ಹೊರಗೆ, ಕೂದಲೆಳೆಯಷ್ಟು ತೆಳುವಾದ ಒಂದು ಪದರ ಇರುತ್ತದೆ. ಕಾಂಡ ದಪ್ಪವಾಗುವುದು ಈ ಪದರದಿಂದ. ವಿಜ್ಞಾನದವರು ಇದನ್ನು ಕ್ಯಾಂಬಿಯಂ ಎನ್ನುತ್ತಾರೆ. ನಾವು ಬೆಳೆಪದರ ಎನ್ನೋಣ. ಕಸಿ ಕೂಡುವುದು ಎರಡು ಗಿಡಗಳ ಬೆಳೆಪದರ ಒಂದಕ್ಕೊಂದು ತಾಗಿದಲ್ಲಿ ಮಾತ್ರ.

ತೋಟದ ಸ್ಪ್ರಿಂಕ್ಲರ್ ಪೈಪು ಜೋಡಿಸುವಾಗ ಪೈಪಿನ ಬಾಯಿಗೆ ಬಾಯಿ ಸರಿಯಾಗಿ ಕೂತರಷ್ಟೇ ನೀರು ಮುಂದೆ ಹೋಗುತ್ತದೆ, ಅಲ್ಲವೇ? ಮೂರು ಇಂಚಿನ ಪೈಪನ್ನು ಎರಡು ಇಂಚಿನದರ ಮೇಲೆ ಸುಮ್ಮನೆ ಒತ್ತಿ ಹಿಡಿದರೆ ಅರ್ಧ ನೀರು ಸೋರುತ್ತದೆ. ಇಲ್ಲೂ ಹಾಗೇ. ಅದಕ್ಕೇ ಕಸಿ ಕಟ್ಟುವವರು ಸಾಧ್ಯವಾದಷ್ಟು ಒಂದೇ ದಪ್ಪದ ಕಡ್ಡಿ ಆರಿಸುತ್ತಾರೆ. ದಪ್ಪ ಹೊಂದದಿದ್ದರೆ ಕಡ್ಡಿಯನ್ನು ನಡುವೆ ಕೂರಿಸದೆ ಒಂದು ಬದಿಗೆ ಸರಿಸಿ, ಅಲ್ಲಾದರೂ ತೊಗಟೆಯ ಅಂಚಿಗೆ ಅಂಚು ಕೂಡುವಂತೆ ಮಾಡುತ್ತಾರೆ.

ಕೊಯ್ದ ಜಾಗದಲ್ಲಿ ಎರಡೂ ಗಿಡ ಗಾಯ ಮಾಯಿಸಿಕೊಳ್ಳಲು ಮೆತ್ತನೆಯ ಹೊಸ ಕೋಶಗಳನ್ನು ಹುಟ್ಟಿಸುತ್ತವೆ. ಅವು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಬಳಿಕ ಆ ಕೋಶಗಳ ನಡುವೆಯೇ ನೀರು ಸಾಗಿಸುವ, ಆಹಾರ ಸಾಗಿಸುವ ನಾಳಗಳು ಮೂಡಿ ಕೆಳಗಿನದಕ್ಕೂ ಮೇಲಿನದಕ್ಕೂ ದಾರಿಯಾಗುತ್ತದೆ. ಪ್ಲಾಸ್ಟಿಕ್ ಪಟ್ಟಿ ಬಿಗಿಯುವುದು ಅಲ್ಲಿಯವರೆಗೆ ಏನೂ ಅಲ್ಲಾಡದಿರಲಿ, ಗಾಯ ಒಣಗದಿರಲಿ ಎಂದು.

ನೆಂಟಸ್ತಿಕೆ ಹತ್ತಿರ ಇದ್ದಷ್ಟೂ ಕಸಿ ಸಲೀಸು. ಮಾವಿಗೆ ಮಾವು, ಹಲಸಿಗೆ ಹಲಸು ಕೂಡುತ್ತದೆ. ಬದನೆಗೆ ಕಾಡು ಸುಂಡೆ ಕೂಡುತ್ತದೆ, ಎರಡೂ ಒಂದೇ ಕುಲ. ಸುಂಡೆಯ ಬುಡಕ್ಕೆ ಕಟ್ಟಿದ ಬದನೆ ಮಣ್ಣಿನಿಂದ ಬರುವ ಸೊರಗು ರೋಗಕ್ಕೆ ಸುಲಭದಲ್ಲಿ ಬಗ್ಗುವುದಿಲ್ಲ. ಹಾಸನದ ಆಲೂಗಡ್ಡೆ ಬೆಳೆಗಾರರಿಗೆ ಇನ್ನೊಂದು ಉದಾಹರಣೆ ಹೇಳಬಹುದು: ಆಲೂಗಡ್ಡೆಯ ಬುಡಕ್ಕೆ ಟೊಮೆಟೊ ಕಟ್ಟಿದರೆ ನೆಲದೊಳಗೆ ಗಡ್ಡೆ, ಮೇಲೆ ಹಣ್ಣು. ಇದು ಕಟ್ಟುಕತೆಯಲ್ಲ, ನಿಜವಾಗಿ ಬರುತ್ತದೆ. ಆದರೆ ಒಂದೇ ಎಲೆ ಸಮೂಹ ಎರಡು ಬಾಯಿಗೆ ಉಣಿಸಬೇಕು, ಪ್ರತಿ ಗಿಡವನ್ನೂ ಕೈಯಲ್ಲಿ ಕಟ್ಟಬೇಕು. ಅಂಗಮಾರಿ ರೋಗ ಬಂದರೆ ಎರಡಕ್ಕೂ ಒಟ್ಟಿಗೇ ಬರುತ್ತದೆ. ಕುಂಡದಲ್ಲಿ ಬೆಳೆದು ನೆಂಟರಿಗೆ ತೋರಿಸಲು ಚೆನ್ನ, ಎಕರೆಗಟ್ಟಲೆಗೆ ಅಲ್ಲ.

ಅಡಿಕೆ, ತೆಂಗು, ಬಾಳೆ, ಬಿದಿರು, ಏಲಕ್ಕಿಗೆ ಕಸಿ ಇಲ್ಲ. ಇವೆಲ್ಲ ಏಕದಳ ಸಸ್ಯಗಳು. ಇವುಗಳ ಕಾಂಡದಲ್ಲಿ ಆ ಬೆಳೆಪದರವೇ ಇರುವುದಿಲ್ಲ. 2021ರ ಕೊನೆಯಲ್ಲಿ ಕೇಂಬ್ರಿಡ್ಜ್‌ನ ವಿಜ್ಞಾನಿಗಳು, ಬೀಜದೊಳಗಿನ ಎಳೆ ಭ್ರೂಣದ ಹಂತದಲ್ಲಿ ಏಕದಳಗಳನ್ನೂ ಕಸಿ ಕಟ್ಟಬಹುದು ಎಂದು ತೋರಿಸಿದ್ದಾರೆ. ಅದಿನ್ನೂ ಪ್ರಯೋಗಾಲಯದ ಮಾತು. ಅರಸೀಕೆರೆಯಲ್ಲೋ ಕೊಪ್ಪದಲ್ಲೋ ಯಾರಾದರೂ "ಕಸಿ ತೆಂಗು", "ಕಸಿ ಅಡಿಕೆ" ಎಂದು ಮಾರಲು ಬಂದರೆ ಅವರು ಹೇಳುತ್ತಿರುವುದು ಬಹುಶಃ ಸಂಕರ ತಳಿಯ ಬಗ್ಗೆ. ಆ ವ್ಯತ್ಯಾಸ ಮುಂದೆ ಬರುತ್ತದೆ.

## ಹಿಪ್ಪಲಿ ಬುಡದ ಮೆಣಸು

ಈಗ ಮಲೆನಾಡಿನಲ್ಲಿ ಎಲ್ಲರ ಬಾಯಲ್ಲಿರುವ ಕಸಿ ಇದು. 2018, 2019ರಂತಹ ಮಳೆಗಾಲಗಳಲ್ಲಿ ಬಳ್ಳಿ ಕಳೆದುಕೊಂಡವರಿಗೆ ಕಾರಣ ಗೊತ್ತು. ಮೆಣಸಿನ ಶೀಘ್ರ ಸೊರಗು ರೋಗ ತರುವುದು ಫೈಟಾಫ್ತರಾ ಎಂಬ ಸೂಕ್ಷ್ಮಜೀವಿ. ನೀರು ನಿಂತ ಮಣ್ಣಿನಲ್ಲಿ ಅದರ ಬೀಜಾಣುಗಳು ಈಜುತ್ತಾ ಬೇರಿಗೆ ಬರುತ್ತವೆ. ಅಡಿಕೆಯ ಕೊಳೆರೋಗ, ಆಲೂಗಡ್ಡೆಯ ಅಂಗಮಾರಿ ತರುವವೂ ಇದರ ದಾಯಾದಿಗಳೇ. ಬುಡ ಕೊಳೆತರೆ, ನಿನ್ನೆ ಹಸಿರಾಗಿದ್ದ ಬಳ್ಳಿ ವಾರ ಹದಿನೈದು ದಿನದಲ್ಲಿ ಎಲೆ ಉದುರಿಸಿ ನಿಲ್ಲುತ್ತದೆ.

ದಕ್ಷಿಣ ಅಮೆರಿಕದ ಜೌಗು ನೆಲದಲ್ಲಿ ಬೆಳೆಯುವ ಕೊಲುಬ್ರಿನಂ ಎಂಬ ಕಾಡುಮೆಣಸಿಗೆ ಈ ರೋಗ ನಾಟುವುದಿಲ್ಲ. ಬೇರನ್ನು ಕಾಡುವ ಜಂತುಹುಳುವಿಗೂ ಅದು ಜಗ್ಗುವುದಿಲ್ಲ, ನೀರು ನಿಂತರೂ ತಡೆದುಕೊಳ್ಳುತ್ತದೆ. ನಮ್ಮಲ್ಲಿ ಇದನ್ನೇ ಹಿಪ್ಪಲಿ ಎಂದು ಕರೆದು ರೂಢಿ. ಔಷಧಿಗೆ ಬಳಸುವ ಹಿಪ್ಪಲಿ ಬೇರೆ, ಇದು ಬೇರೆ.

ಕೆಲಸ ನಡೆಯುವುದು ಹೀಗೆ. ಪಾಲಿಥಿನ್ ಕವರಿನಲ್ಲಿ ಬೇರೂರಿದ ಹಿಪ್ಪಲಿ ಗಿಡದ ತಲೆಯನ್ನು ಗೇಣು ಎತ್ತರದಲ್ಲಿ ಅಡ್ಡ ಕೊಯ್ದು, ಬ್ಲೇಡಿನಿಂದ ನಡುವೆ ಮೂರು ನಾಲ್ಕು ಸೆಂಟಿಮೀಟರ್ ಆಳಕ್ಕೆ ಸೀಳುತ್ತಾರೆ. ಮೆಣಸಿನ ಬಳ್ಳಿಯ ಗೆಣ್ಣಿರುವ ತುಂಡೊಂದರ ಬುಡವನ್ನು ಎರಡೂ ಕಡೆ ಹೆರೆದು ಬೆಣೆ ಮಾಡಿ ಆ ಸೀಳಿಗೆ ಇಳಿಸುತ್ತಾರೆ. ಪಟ್ಟಿ ಸುತ್ತಿ ಬಿಗಿಯುತ್ತಾರೆ. ತುಂಡಿಗೆ ಕೆಳಗಿನಿಂದ ನೀರು ಇನ್ನೂ ಬರುತ್ತಿಲ್ಲವಲ್ಲ, ಒಣಗದಿರಲಿ ಎಂದು ಮೇಲಿನಿಂದ ಐಸ್‌ಕ್ಯಾಂಡಿ ಕವರ್ ಬೋರಲು ಹಾಕಿ ನೆರಳಿಗಿಡುತ್ತಾರೆ. ಕವರಿನ ಒಳಗೆ ಹನಿ ಕಟ್ಟುತ್ತದೆ. ಹೊಸ ಎಲೆ ಬಿಚ್ಚಿಕೊಂಡರೆ ಬೆಸುಗೆ ಬಿದ್ದಿದೆ ಎಂದರ್ಥ. ತುಂಡು ಕಪ್ಪಾದರೆ ಬುಡಕ್ಕೆ ಇನ್ನೊಂದು ಕಟ್ಟಬೇಕು.

ಕಡ್ಡಿಯನ್ನು ಎಲ್ಲಿಂದ ತೆಗೆದರು ಎಂಬುದನ್ನು ಕೊಳ್ಳುವವರು ಕೇಳಲೇಬೇಕು. ಮೇಲಕ್ಕೆ ಹತ್ತುವ ಬಳ್ಳಿಯ ತುಂಡು ಕಟ್ಟಿದರೆ ಗಿಡ ಮರಕ್ಕೆ ಹತ್ತುತ್ತದೆ. ಕಾಳು ಬಿಡುವ ಅಡ್ಡರೆಂಬೆಯ ತುಂಡು ಕಟ್ಟಿದರೆ ಅದು ಎಂದಿಗೂ ಹತ್ತುವುದಿಲ್ಲ, ಪೊದೆಯಾಗಿಯೇ ಉಳಿದು ಕುಂಡದಲ್ಲೇ ಕಾಳು ಬಿಡುತ್ತದೆ. ಎರಡೂ ಹಿಪ್ಪಲಿ ಕಸಿಯೇ, ಆದರೆ ಉಪಯೋಗ ಬೇರೆ. ಜಾಯಿಕಾಯಿಯಲ್ಲೂ ಇದೇ ಕತೆ: ನೆಟ್ಟನೆಯ ಚಿಗುರು ಕಟ್ಟಿದರೆ ಮರ, ಅಡ್ಡ ಕೊಂಬೆ ಕಟ್ಟಿದರೆ ಹರಡಿದ ಪೊದೆ. ಜಾಯಿಕಾಯಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಗಿಡ ಹೂ ಬಿಡುವವರೆಗೂ ಯಾವುದೆಂದು ಗೊತ್ತಾಗದು. ಹೆಣ್ಣು ಮರದ ಕಡ್ಡಿ ಕಟ್ಟಿದರೆ ಆ ಚಿಂತೆಯಿಲ್ಲ.

ಹಿಪ್ಪಲಿ ಕಸಿಯ ಮಿತಿಗಳನ್ನು ಮಾರುವವರು ಅಷ್ಟಾಗಿ ಹೇಳುವುದಿಲ್ಲ. ಜೌಗಿನ ಗಿಡವಾದ್ದರಿಂದ ಹಿಪ್ಪಲಿಗೆ ಬೇಸಿಗೆ ತಡೆಯದು. ಫೆಬ್ರವರಿ, ಮಾರ್ಚ್‌ನಲ್ಲಿ ನೀರು ಕೊಡಲಾಗದ ಒಣ ಇಳಿಜಾರಿಗೆ ಇದು ಹೇಳಿಸಿದ್ದಲ್ಲ. ಎರಡನೆಯದಾಗಿ, ವರ್ಷ ಕಳೆದಂತೆ ಮೇಲಿನ ಮೆಣಸು ದಪ್ಪವಾಗುತ್ತದೆ, ಕೆಳಗಿನ ಹಿಪ್ಪಲಿ ಅದಕ್ಕೆ ಸಮನಾಗಿ ದಪ್ಪವಾಗುವುದಿಲ್ಲ. ಸಣ್ಣ ಪೈಪಿನ ಮೇಲೆ ದೊಡ್ಡ ಪೈಪು ಕೂತಂತಾಗಿ ಕೆಲವು ವರ್ಷದ ನಂತರ ಬೆಸುಗೆಯಲ್ಲಿ ಬಳ್ಳಿ ಬಿಟ್ಟುಕೊಳ್ಳುವುದುಂಟು. ಮೂರನೆಯದು ನಮ್ಮ ಕೈಯಲ್ಲೇ ಇರುವುದು: ಮೆಣಸಿನ ಗೆಣ್ಣು ನೆಲಕ್ಕೆ ತಾಗಿದರೆ ತನ್ನದೇ ಬೇರು ಬಿಡುತ್ತದೆ. ಆ ಬೇರಿಗೆ ರೋಗ ಬಂದರೆ ಕಸಿಗೆ ಕೊಟ್ಟ ದುಡ್ಡು ನೀರುಪಾಲು. ಬೆಸುಗೆಯ ಜಾಗ ಮಣ್ಣಿನಲ್ಲಿ ಹೂತುಹೋಗದಂತೆ ನೆಡಬೇಕು, ಕೆಳಗೆ ಹರಿಯುವ ಹಂಬು ತೆಗೆಯುತ್ತಿರಬೇಕು. ಇನ್ನು ಎಲೆಗೆ ಬರುವ ಕೊಳೆ. ಎಲೆ ಮೆಣಸಿನದೇ ಆದ್ದರಿಂದ ಬೇರಿನ ಬಲ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುವುದು ತಪ್ಪದು.

ಕಾಫಿಗೂ ಇದೇ ತರ್ಕ. ಅರೇಬಿಕಾವನ್ನು ರೋಬಸ್ಟಾ ಬುಡಕ್ಕೆ ಕಟ್ಟಿದರೆ ಬೇರಿನ ಜಂತುಹುಳುವಿಗೆ ತಡೆ ಸಿಗುತ್ತದೆ. ಬಿಳಿ ಕಾಂಡಕೊರಕಕ್ಕೆ ಸಿಗುವುದಿಲ್ಲ, ಏಕೆಂದರೆ ಹುಳ ಕೊರೆಯುವ ಕಾಂಡ ಅರೇಬಿಕಾದ್ದೇ. ಹಳೆ ರೋಬಸ್ಟಾ ತೋಟದವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಟಾಪ್ ವರ್ಕಿಂಗ್. ಗಿಡವನ್ನು ಬುಡದಲ್ಲಿ ಕೊಯ್ದು, ಬಂದ ನೆಟ್ಟನೆಯ ಚಿಗುರಿಗೆ ಸಿ ಇಂಟು ಆರ್‌ನಂತಹ ಒಳ್ಳೆಯ ತಳಿಯ ಕಡ್ಡಿ ಕಟ್ಟುವುದು. ಬೇರು ಹಳೆಯದು, ಆಳಕ್ಕಿಳಿದಿದೆ. ಹೊಸ ಸಸಿ ನೆಟ್ಟು ಕಾಯುವುದಕ್ಕಿಂತ ಬೇಗ ಫಸಲು. ರೋಬಸ್ಟಾದ ಹೂವಿಗೆ ತನ್ನದೇ ಪರಾಗ ಹಿಡಿಯುವುದಿಲ್ಲ. ಹಾಗಾಗಿ ಬೀಜದಿಂದ ಎಬ್ಬಿಸಿದ ಗಿಡಗಳು ಒಂದರಂತೆ ಒಂದಿರುವುದಿಲ್ಲ. ಒಳ್ಳೆಯ ಗಿಡವೊಂದರ ಗುಣ ಹಾಗೆಯೇ ಬೇಕೆಂದರೆ ಕಸಿಯೋ ಕಟಿಂಗೋ ಆಗಬೇಕು.

## ಸಂಕರವೂ ಅಲ್ಲ, ಬಂದಳಿಕೆಯೂ ಅಲ್ಲ

ಪಣಿಯೂರು-1 ಮೆಣಸನ್ನು ಬಹಳ ಜನ "ಕಸಿ ತಳಿ" ಎನ್ನುತ್ತಾರೆ. ಅದು ಕಸಿಯಲ್ಲ. ಕೇರಳದ ಪಣಿಯೂರಿನಲ್ಲಿ ಎರಡು ತಳಿಗಳ ಹೂವನ್ನು ಕೂಡಿಸಿ, ಬಂದ ಬೀಜದಿಂದ ಎಬ್ಬಿಸಿದ ಸಂಕರ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಬಂದ, ಇವತ್ತಿಗೂ ನಮ್ಮ ತೋಟಗಳಲ್ಲಿರುವ ಎಸ್.795 ಅರೇಬಿಕಾ ಕೂಡ ಸಂಕರವೇ. ಸಂಕರದಲ್ಲಿ ಅಪ್ಪನ ಗುಣ, ಅಮ್ಮನ ಗುಣ ಪ್ರತಿ ಕೋಶದಲ್ಲೂ ಬೆರೆತಿವೆ. ಎಲ್ಲಿ ಕೊಯ್ದು ನೋಡಿದರೂ ಎರಡನ್ನೂ ಬೇರೆ ಮಾಡಲಾಗದು. ಕಸಿಯಲ್ಲಿ ಬೆಸುಗೆಯ ಗೆರೆ ಬೆರಳಿಗೆ ಸಿಗುತ್ತದೆ. ಸಂಕರ ತಳಿಯ ಕಡ್ಡಿಯನ್ನೇ ತಂದು ಕಸಿ ಕಟ್ಟಬಹುದು, ಕಟ್ಟುತ್ತಾರೆ ಕೂಡ. ಗೊಂದಲ ಹುಟ್ಟುವುದು ಅಲ್ಲೇ.

ಕಸಿ ಮರದ ಹಣ್ಣಿನ ಬೀಜ ನೆಟ್ಟರೆ? ಬೇರುಗಿಡದ ಗುಣ ಅದರಲ್ಲಿ ಇರುವುದಿಲ್ಲ. ಮೇಲಿನ ಮರದ್ದೂ, ಪರಾಗ ಕೊಟ್ಟ ಇನ್ನಾವುದೋ ಮರದ್ದೂ ಗುಣ ಬೆರೆತು ಬರುತ್ತದೆ.

ಮಾವಿನ ಮರದಲ್ಲಿ ಬೇರೆ ಬಗೆಯ ಎಲೆಯ ಗೊಂಚಲಾಗಿ ಕಾಣುವ ಬಂದಳಿಕೆ ನೋಡಲು ಕಸಿಯ ಹಾಗೇ ಇರುತ್ತದೆ. ಹಕ್ಕಿ ತಂದು ಹಚ್ಚಿದ ಬೀಜದಿಂದ ಹುಟ್ಟಿ, ಕೊಂಬೆಯೊಳಕ್ಕೆ ಬೇರಿಳಿಸಿ ನೀರು ಎಳೆಯುತ್ತದೆ. ತಾನು ತಯಾರಿಸಿದ್ದನ್ನು ಮರಕ್ಕೆ ಕೊಡುವುದಿಲ್ಲ. ಕಸಿಕಡ್ಡಿ ಹಾಗಲ್ಲ. ಬೇರಿನಿಂದ ನೀರು ತೆಗೆದುಕೊಂಡು ಬೇರಿಗೆ ಆಹಾರ ಕಳಿಸುತ್ತದೆ. ಎಲೆಯಿಲ್ಲದ ಬುಡ ತಾನೇ ಎಷ್ಟು ದಿನ ಬದುಕೀತು? ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸು ಈ ಎರಡರಲ್ಲಿ ಯಾವುದೂ ಅಲ್ಲ. ಅದಕ್ಕೆ ಬೇಕಾದ್ದು ಆಸರೆ ಮಾತ್ರ.

## ಫ್ರಾನ್ಸಿನ ದ್ರಾಕ್ಷಿ, ನಮ್ಮ ಮೈಲುತುತ್ತ

1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಪುಟ್ಟ ಕೀಟ ಫ್ರಾನ್ಸಿನ ದ್ರಾಕ್ಷಿಯ ಬೇರಿಗೆ ಬಿದ್ದು ತೋಟಗಳನ್ನು ಸರದಿಯಂತೆ ಒಣಗಿಸಿತು. ಔಷಧಿಗಳು ಸೋತವು. ಕಡೆಗೆ ಉಳಿಸಿದ್ದು ಕಸಿ: ಆ ಕೀಟದೊಂದಿಗೇ ಬಾಳಿ ಪಳಗಿದ ಅಮೆರಿಕದ ಕಾಡು ದ್ರಾಕ್ಷಿಯ ಬುಡ, ಮೇಲೆ ಫ್ರಾನ್ಸಿನ ದ್ರಾಕ್ಷಿ. ಯುರೋಪಿನ ಬಹುಪಾಲು ದ್ರಾಕ್ಷಿ ಇಂದಿಗೂ ಅಮೆರಿಕದ ಬೇರಿನ ಮೇಲೆಯೇ ನಿಂತಿದೆ.

ಇದಕ್ಕೆ ನಮಗೂ ಸಂಬಂಧವಿದೆ. ಅಮೆರಿಕದಿಂದ ಬಳ್ಳಿಗಳು ಬರುತ್ತಿದ್ದ ಆ ಕಾಲದಲ್ಲೇ ಡೌನಿ ಮಿಲ್ಡ್ಯೂ ಎಂಬ ಎಲೆರೋಗವೂ ಫ್ರಾನ್ಸಿಗೆ ಬಂತು. ಅದನ್ನು ತಡೆಯಲು 1885ರಲ್ಲಿ ಬೋರ್ಡೋ ಊರಿನ ಮಿಲಾರ್ಡೆ ಎಂಬ ವಿಜ್ಞಾನಿ ಮೈಲುತುತ್ತ, ಸುಣ್ಣ ಕಲಸಿದ ದ್ರಾವಣವನ್ನು ಮುಂದಿಟ್ಟ. ಅದನ್ನೇ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ಮಳೆಗೆ ಮುಂಚೆ ನಮ್ಮವರು ಡ್ರಮ್ಮಿನಲ್ಲಿ ಕಲಸುವ ನೀಲಿ ನೀರು ಬಂದ ದಾರಿ ಅದು.

## ಮನುಷ್ಯರ ಮೈಯಲ್ಲಿ

ಅಂಗಾಂಗ ಕಸಿ ಎಂದಾಗ ತೋಟದ ಅರ್ಥ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಕಿಡ್ನಿ ಕಸಿಯಲ್ಲಿ ರೋಗಿಯ ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಹೊಸದನ್ನು ಕಿಬ್ಬೊಟ್ಟೆಯಲ್ಲಿ ಇಟ್ಟು, ರಕ್ತ ತರುವ ನಾಳ, ರಕ್ತ ಒಯ್ಯುವ ನಾಳ, ಮೂತ್ರನಾಳ ಜೋಡಿಸುತ್ತಾರೆ. ಆ ಕಿಡ್ನಿಯ ಕೋಶಗಳು ಕಡೆಯವರೆಗೂ ದಾನಿಯವೇ. ದಾನಿಯ ಸ್ವಭಾವ ಬರುತ್ತದೆಯೇ ಎಂದು ಕೇಳುವವರಿಗೆ ಉತ್ತರ ಮಾವಿನಲ್ಲೇ ಇದೆ: ಇಲ್ಲ.

ಮರಕ್ಕೂ ಮೈಗೂ ದೊಡ್ಡ ವ್ಯತ್ಯಾಸ ಒಂದೇ. ಹೊರಗಿನದನ್ನು ಗುರುತಿಟ್ಟು, ಬೆನ್ನಟ್ಟಿ ಕೊಲ್ಲುವ ನೆತ್ತರಿನ ಕಾವಲುಪಡೆ ಗಿಡಕ್ಕಿಲ್ಲ, ನಮಗಿದೆ. 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ತಂಡ ಮಾಡಿದ ಕಿಡ್ನಿ ಕಸಿ ನಿಂತದ್ದು ಕೊಟ್ಟವರು, ಪಡೆದವರು ತದ್ರೂಪಿ ಅವಳಿ ಆಗಿದ್ದರಿಂದ. ಮೈ ಅದನ್ನು ಪರಕೀಯ ಎಂದು ನೋಡಲಿಲ್ಲ. ಉಳಿದವರಿಗೆ ಆ ಕಾವಲನ್ನು ತಗ್ಗಿಸುವ ಮಾತ್ರೆ ಜೀವನಪೂರ್ತಿ ಬೇಕು. 1980ರ ದಶಕದಲ್ಲಿ ಸೈಕ್ಲೋಸ್ಪೊರಿನ್ ಎಂಬ ಅಂಥ ಔಷಧಿ ಬಂದ ಮೇಲೆಯೇ ಅಂಗಾಂಗ ಕಸಿ ವ್ಯಾಪಕವಾದದ್ದು. ಭಾರತದಲ್ಲಿ ಇದಕ್ಕೆ 1994ರ ಕಾಯಿದೆ ಇದೆ. ಕರ್ನಾಟಕದಲ್ಲಿ ಮೃತರ ಅಂಗಾಂಗ ಹಂಚಿಕೆ ನೋಡಿಕೊಳ್ಳುವುದು ಜೀವಸಾರ್ಥಕತೆ ಸಂಸ್ಥೆ.

ಕಣ್ಣಿನಲ್ಲಿ ಕಸಿಯಾಗುವುದು ಇಡೀ ಕಣ್ಣಲ್ಲ, ಮುಂಭಾಗದ ಪಾರದರ್ಶಕ ಪದರ ಕಾರ್ನಿಯಾ ಮಾತ್ರ. ಅದರಲ್ಲಿ ರಕ್ತನಾಳಗಳಿಲ್ಲ, ಆದ್ದರಿಂದ ಮೈ ತಿರಸ್ಕರಿಸುವುದು ಕಡಿಮೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ಹೇಗೆ ಎಂದು ಆಗ ಬಹಳ ಜನ ಕೇಳಿದ್ದರು. ಪ್ರತಿ ಕಾರ್ನಿಯಾವನ್ನು ಮುಂಪದರ, ಹಿಂಪದರ ಎಂದು ಸೀಳಿ ಒಬ್ಬೊಬ್ಬರಿಗೆ ಬೇಕಾದದ್ದನ್ನು ಹಾಕಲಾಗಿತ್ತು.

ಹಳೆಯ ಉದಾಹರಣೆಯೊಂದು ಮಾವಿನ ಕಸಿಗೆ ತೀರಾ ಹತ್ತಿರವಾದದ್ದು. ಮೈಸೂರು ಯುದ್ಧದಲ್ಲಿ ಸೆರೆಸಿಕ್ಕು ಮೂಗು ಕಳೆದುಕೊಂಡ ಕೋವಾಸಜಿ ಎಂಬ ಎತ್ತಿನಗಾಡಿಯವನಿಗೆ ದೇಶಿ ವೈದ್ಯನೊಬ್ಬ ಹಣೆಯ ಚರ್ಮದಿಂದ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಅದನ್ನು ಚಿತ್ರಸಹಿತ ಅಚ್ಚು ಹಾಕಿತು. ಚರ್ಮವನ್ನು ಪೂರ್ತಿ ಕತ್ತರಿಸಲಿಲ್ಲ. ಹುಬ್ಬುಗಳ ನಡುವೆ ಒಂದು ತೊಟ್ಟು ಉಳಿಸಿಕೊಂಡು ಕೆಳಗೆ ತಿರುಗಿಸಿ, ಮೂಗಿನ ಜಾಗದಲ್ಲಿ ಕೂಡಿಕೊಂಡ ಮೇಲೆ ತೊಟ್ಟು ಕತ್ತರಿಸಿದರು. ಕುಂಡದ ಬೇರುಗಿಡವನ್ನು ದೊಡ್ಡ ಮಾವಿನ ಕೊಂಬೆಯ ಹತ್ತಿರಕ್ಕೇ ಒಯ್ದು, ಎರಡನ್ನೂ ಕೆತ್ತಿ ಕಟ್ಟಿ, ಬೆಸೆದ ಮೇಲೆ ತಾಯಿಮರದಿಂದ ಬಿಡಿಸುವ ಹಳೆಯ ಸಾಮೀಪ್ಯ ಕಸಿಯ ಕ್ರಮವೂ ಇದೇ.

## ಮಾತಿನಲ್ಲಿ ಕಸಿ

ವಿಚಾರ, ಪದ್ಧತಿ, ಕಲೆಗಳ ವಿಷಯದಲ್ಲಿ ಕಸಿ ಎಂದಾಗ ಅರ್ಥ ಅಲಂಕಾರದ್ದು. ಅಂಥ ವಾಕ್ಯ ಎದುರಾದರೆ ಕೇಳಿಕೊಳ್ಳಬೇಕಾದ್ದು ತೋಟದ ಪ್ರಶ್ನೆಗಳನ್ನೇ: ಬೇರು ಯಾವುದು? ಮೇಲಿನದು ಯಾವುದು? ಬೆಸುಗೆ ಕಾಣುತ್ತಿದೆಯೇ? ಕೊಟ್ಟು ತೆಗೆದುಕೊಳ್ಳುವುದು ಎರಡೂ ಕಡೆಯಿಂದ ನಡೆದಿದೆಯೇ? ಬೆಸುಗೆಯೇ ಇಲ್ಲದೆ ಬೆರೆತಿದ್ದರೆ ಅದು ಸಂಕರ. ಒಂದೇ ಕಡೆಗೆ ಹರಿಯುತ್ತಿದ್ದರೆ ಬಂದಳಿಕೆ. ಭಾಷಣಕಾರರು "ಕಸಿ" ಎಂದು ಬೈಯುವಾಗ ಮನಸ್ಸಿನಲ್ಲಿರುವುದು ಬಹಳ ಸಲ ಈ ಕೊನೆಯದು.

ಅಲಂಕಾರ ತೋಟದ ಕ್ರಮವನ್ನು ಉಲ್ಟಾ ಮಾಡುವುದೂ ಉಂಟು. ಬೈಬಲಿನಲ್ಲಿ ಸಂತ ಪೌಲ ರೋಮಿನವರಿಗೆ ಬರೆದ ಪತ್ರದಲ್ಲಿ ಕಾಡು ಆಲಿವ್ ಕೊಂಬೆಯನ್ನು ಊರ ಆಲಿವ್ ಬುಡಕ್ಕೆ ಕಟ್ಟಿದ ಮಾತು ಬರುತ್ತದೆ. ರೈತರು ಮಾಡುವುದು ಇದಕ್ಕೆ ತಿರುಗಾಮುರುಗಾ, ಕಾಡಿನ ಬುಡಕ್ಕೆ ಊರಿನ ಕೊಂಬೆ. ಇದು ಸಹಜಕ್ಕೆ ವಿರುದ್ಧವಾದದ್ದು ಎಂದು ಪೌಲನೇ ಅಲ್ಲಿ ಹೇಳುತ್ತಾನೆ. ಹೊರಗಿನವರಿಗೂ ಬೇರಿನ ಸಾರ ಸಿಕ್ಕಿತು ಎಂಬುದು ಅವನ ಮಾತಿನ ತಾತ್ಪರ್ಯ.

ನಮ್ಮ ಜಿಲ್ಲೆಗಳ ಬಗ್ಗೆಯೇ ಹೇಳುವುದಾದರೆ, "ಮಲೆನಾಡಿಗೆ ಕಾಫಿಯನ್ನು ಕಸಿ ಮಾಡಿದರು" ಎನ್ನುವುದು ಅಷ್ಟು ಸರಿಯಲ್ಲ. ಬಾಬಾಬುಡನ್ ಯೆಮನ್‌ನಿಂದ ಏಳು ಬೀಜ ತಂದರೆಂಬ ಪ್ರತೀತಿಯಲ್ಲೂ ಇರುವುದು ಬೀಜ. ಬಿತ್ತಿ, ತನ್ನದೇ ಬೇರಿನಿಂದ ಬೆಳೆದದ್ದು. ಆಮೇಲೆ ಬ್ರಿಟಿಷರು ತಂದ ಎಸ್ಟೇಟು ವ್ಯವಸ್ಥೆ, ಅದರ ರೈಟರು (ಗುಮಾಸ್ತರು), ಚೆಕ್‌ರೋಲ್ (ಹಾಜರಿ ಪಟ್ಟಿ), ಕಾರ್ಮಿಕರ ಲೈನ್ ಮನೆಗಳ ಸಮೇತ, ಇಲ್ಲಿ ಮೊದಲೇ ಇದ್ದ ಸಾಗುವಳಿಯ ಮೇಲೆ ಕೂತದ್ದನ್ನು ಬೇಕಾದರೆ ಕಸಿ ಎನ್ನಬಹುದು. ಯಾವುದು ಎಲ್ಲಿಂದ ಬಂತೆಂದು ಈಗಲೂ ಹೇಳಬಹುದಾಗಿದೆ.

ಬೇಲೂರಿನಲ್ಲಿ ಸಂಕರ, ಕಸಿ ಎರಡು ಬಗೆಯೂ ಒಂದೇ ಅಂಗಳದಲ್ಲಿವೆ. 2023ರಲ್ಲಿ ಹಳೇಬೀಡು, ಸೋಮನಾಥಪುರಗಳೊಂದಿಗೆ ವಿಶ್ವಪರಂಪರೆ ಪಟ್ಟಿಗೆ ಸೇರಿದ, 1117ರ ಚೆನ್ನಕೇಶವ ಗುಡಿಯಲ್ಲಿ ದಕ್ಷಿಣದ ದ್ರಾವಿಡ ಪದ್ಧತಿಯೂ ಉತ್ತರದ ನಾಗರ ಪದ್ಧತಿಯೂ ನಕ್ಷತ್ರಾಕಾರದ ಒಂದೇ ಕಟ್ಟಡದಲ್ಲಿ ಬೆರೆತಿವೆ. ಇಲ್ಲಿಗೆ ದ್ರಾವಿಡ ಮುಗಿಯಿತು, ಇಲ್ಲಿಂದ ನಾಗರ ಎಂದು ಗೆರೆ ಎಳೆಯಲಾಗದು. ಹೊರಗೆ ನಿಂತಿರುವ ಎತ್ತರದ ರಾಜಗೋಪುರ ವಿಜಯನಗರ ಕಾಲದಲ್ಲಿ ಮತ್ತೆ ಕಟ್ಟಿದ್ದು. ಅದರ ಕಲ್ಲು, ಗಾರೆ, ಆಕಾರ ಎಲ್ಲ ಬೇರೆ. ಗುಡಿಯ ಸಾಬೂನುಕಲ್ಲಿನ ಪಕ್ಕದಲ್ಲಿ ಯಾರಿಗಾದರೂ ಗೊತ್ತಾಗುತ್ತದೆ. ಎರಡನ್ನೂ "ಶೈಲಿಗಳ ಕಸಿ" ಎಂದೇ ಬರೆಯುವವರಿದ್ದಾರೆ. ಗೋಪುರದ ಮಟ್ಟಿಗೆ ಅದು ಒಪ್ಪುತ್ತದೆ, ಗುಡಿಗೆ ಒಪ್ಪುವುದಿಲ್ಲ.